ಗಾಡಿ ಜಾಸ್ತಿ ಮಾಡಿದ್ರೂ ಮಾಲು ಲೇಟು ಯಾಕೆ?

ಪ್ರಶ್ನೆ: ಸರ್, ನಮ್ ಪ್ಲಾಂಟಲ್ಲಿ ಮಾಲು ಸಾಗ್ಸೋಕೆ 5 ಎಜಿವಿ ಇದ್ವು, ಡ್ರೈವರ್ ಇಲ್ದೆ ತಾವೇ ಓಡೋ ಗಾಡಿಗಳು. ಗಂಟೆಗೆ 40 ಟ್ರಿಪ್ ಬೇಕು. ಲೋಡ್ ಇಟ್ಕೊಂಡು ಓಡೋಕೆ 3 ನಿಮಿಷ, ಹತ್ಸಿ ಇಳ್ಸೋಕೆ 1 ನಿಮಿಷ. 4 ಗಾಡಿ ಸಾಕು ಅಂತ ಲೆಕ್ಕ ಬಂದಿತ್ತು, 5 ಇದ್ರೂ ಸಾಲ್ಲಿಲ್ಲ, 8 ಮಾಡಿದ್ವಿ, ಈಗ ಇನ್ನೂ ಸ್ಲೋ! ಮೂಲೇಲಿರೋ ಮಷಿನ್‌ಗಂತೂ ಗಾಡಿ ಬರೋದೇ ಇಲ್ಲ. ಸಾಫ್ಟ್‌ವೇರ್ ಸರಿ ಇಲ್ವಾ?

ಉತ್ತರ: ಸಾಫ್ಟ್‌ವೇರನ್ನ ಆಮೇಲೆ ಬೈಯೋಣ, ಮೊದ್ಲು ಲೆಕ್ಕ ನೋಡಿ. ಮಾಲು ಇಳ್ಸಿದ ಗಾಡಿ ಮುಂದಿನ ಲೋಡ್ ಇರೋ ಜಾಗಕ್ಕೆ ಖಾಲಿ ಓಡುತ್ತಲ್ಲ, ಅದನ್ನ ಬಿಟ್ಬಿಟ್ಟಿದೀರಿ (ಎಲ್ರೂ ಬಿಡೋದು ಅದನ್ನೇ). ಅದು 2 ನಿಮಿಷ ಅಂದ್ಕೊಳ್ಳಿ, ಟ್ರಿಪ್ಪಿಗೆ 6 ನಿಮಿಷ ಆಯ್ತು, 40 ಟ್ರಿಪ್ಪಿಗೆ 240. ಚಾರ್ಜಿಂಗು, ರಿಪೇರಿ ಎಲ್ಲ ಕಳೆದ್ರೆ ಒಂದು ಗಾಡಿ ಗಂಟೇಲಿ 48 ನಿಮಿಷ ಸಿಗುತ್ತೆ ಅಂತಿಟ್ಕೊಂಡ್ರೂ ಕರೆಕ್ಟಾಗಿ 5 ಗಾಡಿ ಬೇಕು, ಅದೂ ಎಲ್ಲೂ ಒಂದು ಸೆಕೆಂಡೂ ನಿಲ್ದೇ ಇದ್ರೆ. ಗಾಡಿ ಜಾಸ್ತಿ ಆದಷ್ಟೂ ಕ್ರಾಸಿಂಗಲ್ಲಿ ಒಂದಕ್ಕೊಂದು ಕಾಯ್ತವೆ. ಡಿಕ್ಕಿ ಆಗ್ಬಾರ್ದು ಅಂತ ದಾರೀನ ಝೋನ್ ಝೋನ್ ಮಾಡಿ ಒಂದು ಝೋನಲ್ಲಿ ಒಂದೇ ಗಾಡಿ ಬಿಡ್ತಾರೆ ನೋಡಿ, ಹಿಂದಿಂದು ನಿಂತೇ ಇರ್ಬೇಕು. ಟ್ರಿಪ್ಪಿಗೆ ಇನ್ನೂ 4 ನಿಮಿಷ ಹಿಂಗೆ ಕಾಯೋದ್ರಲ್ಲೇ ಹೋದ್ರೆ ಒಟ್ಟು 10 ನಿಮಿಷ, 40 ಟ್ರಿಪ್ಪಿಗೆ 400 ನಿಮಿಷ ಬೇಕು, 8 ಗಾಡಿ ಸೇರಿದ್ರೆ ಸಿಗೋದು 384. ಕಥೆ ಮುಗೀತು.

ನಿಮ್ದು ಎರಡೂ ದಿಕ್ಕಿಗೆ ಓಡೋ ಒಂದೇ ಲೇನ್ ಇರ್ಬೇಕು ಅನ್ಸುತ್ತೆ. ಎದುರುಬದುರು ಬಂದು ನಿಂತ್ರೆ ಯಾರಾದ್ರೂ ಹೋಗಿ ಕೈಯಲ್ಲೇ ಬಿಡಿಸ್ಬೇಕು. ಒನ್‌ವೇ ಲೂಪ್ ಮಾಡಿ, ದೂರ ಸ್ವಲ್ಪ ಜಾಸ್ತಿ ಆಗುತ್ತೆ, ಆಗ್ಲಿ. ಹಾಗೇ ಮಧ್ಯೆ ಒಂದೆರಡು ಶಾರ್ಟ್‌ಕಟ್ ಕೊಡಿ. ಸುಮ್ನಿರೋ ಗಾಡಿ ಮೇನ್ ದಾರೀಲಿ ನಿಲ್ಲೋದು ಬೇಡ, ಪಕ್ಕದಲ್ಲಿ ಜಾಗ ಮಾಡಿ.

ಮೂಲೆ ಮಷಿನ್ ವಿಷ್ಯಕ್ಕೆ ಮಾತ್ರ ಸಾಫ್ಟ್‌ವೇರ್ ಕಾರಣ ಇರ್ಬೋದು. ಖಾಲಿ ಆದ ಗಾಡಿ ಹತ್ತಿರದ ಲೋಡನ್ನೇ ಹುಡ್ಕೊಂಡು ಹೋಗೋ ರೂಲ್ ಇಟ್ಟಿದ್ರೆ, ದೂರದ ಸ್ಟೇಷನ್ ಸರದಿ ಬರೋದೇ ಇಲ್ಲ. ಇದು ಹಳೇ ತಲೆನೋವು, ಎಗ್ಬೆಲು, ಟ್ಯಾಂಚೊಕೊ ಅನ್ನೋ ಸಂಶೋಧಕರು 1984ರಲ್ಲೇ ಇಂಥ ಡಿಸ್ಪ್ಯಾಚ್ ರೂಲ್‌ಗಳನ್ನ (ಯಾವ ಗಾಡಿ ಯಾವ ಲೋಡಿಗೆ ಹೋಗ್ಬೇಕು ಅನ್ನೋ ರೂಲ್) ಹೋಲಿಸಿ ನೋಡಿದ್ರು. ಇಷ್ಟು ನಿಮಿಷಕ್ಕಿಂತ ಜಾಸ್ತಿ ಕಾದಿರೋ ಲೋಡಿಗೆ ಮೊದಲು ಗಾಡಿ ಹೋಗ್ಲಿ ಅಂತ ಒಂದು ಮಿತಿ ಹಾಕ್ಸಿ.

ಅಲ್ಲೀವರ್ಗೂ 2 ಗಾಡಿ ಹೊರಗಿಟ್ಟು ಒಂದು ಶಿಫ್ಟ್ ಓಡ್ಸಿ ನೋಡಿ, ಟ್ರಿಪ್ ಎಷ್ಟಾಯ್ತು ಅಂತ ಬರೀರಿ.