ಊಟಕ್ಕೆ ಕೂತ ಕೂಡಲೇ ಗ್ಯಾಸ್ ಶುರುವಾಗ್ತದೆ. ಯಾವ ಆಹಾರದಿಂದ ಅಂತ ಪತ್ತೆ ಮಾಡೋದು ಹೇಗೆ?

ನಿಮ್ಮ ಪ್ರಶ್ನೆ ಉದ್ದ ಇದೆ. ಓದುವ ಬೇರೆಯವರಿಗಾಗಿ ಮೊದಲು ಅದರ ತಿರುಳು ಹೇಳಿಬಿಡ್ತೇನೆ. ಕಾರವಾರದಲ್ಲಿ ಆಫೀಸು ಕೆಲಸ. ಬೆಳಿಗ್ಗೆ ಎಂಟಕ್ಕೆ ಹೋಟೆಲಿನಲ್ಲಿ ಬಾಜಿ-ಪಾವ್, ಮಧ್ಯಾಹ್ನ ಒಂದಕ್ಕೆ ಮೀನೂಟ. ಎರಡು ತುತ್ತು ಇಳಿಯುವಷ್ಟರಲ್ಲಿ ಹೊಟ್ಟೆ ಗುಡುಗುಡು, ಅಲ್ಲಿಂದ ಸಂಜೆವರೆಗೂ ಹೂಸು. ಹಾಗಾಗಿ ಮೀನು ಬಿಟ್ಟಿರಿ, ತೆಂಗಿನಕಾಯಿ ಬಿಟ್ಟಿರಿ, ಈಗ ಮಧ್ಯಾಹ್ನ ಬರೀ ಗಂಜಿ-ಉಪ್ಪಿನಕಾಯಿ. ಆದರೂ ಕಡಿಮೆ ಇಲ್ಲ. ಮುಂದಿನ ತಿಂಗಳು ಶಿರಸಿಯಲ್ಲಿ ಹವ್ಯಕ ಗೆಳೆಯನ ಮದುವೆ, ಅಲ್ಲಿ ಏನು ಗತಿ ಅಂತಲೂ ಕೇಳಿದ್ದೀರಿ.

ನಾನು ಡಾಕ್ಟರಲ್ಲ. ಹುಟ್ಟೂರು ಶಿರಸಿ ಕಡೆ, ಇರೋದು ಕುಮಟಾದಲ್ಲಿ, ಇದೇ ಕಾಯಿಲೆಯ ಹೊಟ್ಟೆ ಕಟ್ಟಿಕೊಂಡು ಬಹಳ ವರ್ಷ ತಿರುಗಿದವನು. ನನ್ನ ಪ್ರಕಾರ ನಿಮ್ಮ ಮೀನು ನಿರಪರಾಧಿ. ಸುಮ್ಮನೆ ಶಿಕ್ಷೆ ಕೊಟ್ಟಿದ್ದೀರಿ.

ಯಾಕೆ ಅಂದರೆ, ಹೂಸಾಗಿ ಹೋಗುವ ಗಾಳಿಯಲ್ಲಿ ದೊಡ್ಡ ಪಾಲು ಹುಟ್ಟೋದು ದೊಡ್ಡ ಕರುಳಿನಲ್ಲಿ. ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಉಳಿದ ಕೆಲವು ಸಕ್ಕರೆ, ನಾರು ಅಲ್ಲಿಗೆ ಇಳಿದಾಗ ಬ್ಯಾಕ್ಟೀರಿಯಾಗಳು ಅವನ್ನು ಹುದುಗಿಸ್ತವೆ, ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಹೊರಡ್ತದೆ. ಮೀನಿನಲ್ಲಿ ಅಂಥ ಸಕ್ಕರೆಯೇ ಇಲ್ಲ. ಅನ್ನದ ಪಿಷ್ಟ ಹೆಚ್ಚುಕಡಿಮೆ ಪೂರ್ತಿ ಮೇಲೆಯೇ ಜೀರ್ಣ ಆಗ್ತದೆ. ಮುಖ್ಯವಾದ ಮಾತು ಹೊತ್ತಿನದ್ದು: ತಿಂದದ್ದು ದೊಡ್ಡ ಕರುಳಿಗೆ ತಲುಪೋಕೆ ಸಾಮಾನ್ಯವಾಗಿ ನಾಲ್ಕಾರು ಗಂಟೆ ಬೇಕು. ಅಂದರೆ ಒಂದು ಗಂಟೆಗೆ ನೀವು ಊಟಕ್ಕೆ ಕೂರುವ ಹೊತ್ತಿಗೆ ಅಲ್ಲಿ ಹುದುಗುತ್ತಿರೋದು ಬೆಳಿಗ್ಗೆಯ ಬಾಜಿ-ಪಾವ್. ಮೇಲಿಂದ, ಹೊಟ್ಟೆಗೆ ಹೊಸ ತುತ್ತು ಬಿದ್ದ ಕೂಡಲೇ ದೊಡ್ಡ ಕರುಳು ಎಚ್ಚೆತ್ತು ಒಳಗಿದ್ದದ್ದನ್ನು ಮುಂದಕ್ಕೆ ತಳ್ತದೆ. ಬೆಳಿಗ್ಗೆ ಚಾ ಕುಡಿದ ಕೂಡಲೇ ಕೆಲವರು ಕಕ್ಕಸಿಗೆ ಓಡೋದು ಇದೇ ಕಾರಣಕ್ಕೆ. ಕಳ್ಳ ಬೆಳಿಗ್ಗೆಯೇ ಬಂದು ಹೋಗಿದ್ದಾನೆ, ಮಧ್ಯಾಹ್ನ ಬಾಗಿಲು ತಟ್ಟಿದ ನೆಂಟನನ್ನು ಹಿಡಿದು ಹೊಡೀತಾ ಇದ್ದೀರಿ.

ಆ ಒಂದು ಪ್ಲೇಟಿನಲ್ಲಿ ಏನೆಲ್ಲ ಇದೆ ನೋಡಿ. ಒಣ ಬಟಾಣಿ, ಬೆಂದ ಈರುಳ್ಳಿ, ಮೇಲೆ ಉದುರಿಸಿದ ಹಸಿ ಈರುಳ್ಳಿ, ಮೈದಾದ ಪಾವು. ಕಾಳುಗಳಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್ ಅನ್ನುವ ಸಕ್ಕರೆಗಳಿವೆ, ಅವನ್ನು ಒಡೆಯುವ ಕಿಣ್ವ ಮನುಷ್ಯರ ಸಣ್ಣ ಕರುಳಿನಲ್ಲಿ ಇಲ್ಲವೇ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿ ಫ್ರಕ್ಟಾನ್ ಇದೆ, ಅದರ ಕತೆಯೂ ಅದೇ. ಎಲ್ಲರ ಹೊಟ್ಟೆಯಲ್ಲೂ ಇವು ಹುದುಗ್ತವೆ, ಕೆಲವರ ಕರುಳು ಅದನ್ನು ಹೆಚ್ಚು ದೊಡ್ಡದು ಮಾಡ್ತದೆ ಅಷ್ಟೆ.

ಪತ್ತೆ ಮಾಡೋಕೆ ಒಂದು ಹಳೇ ನೋಟ್‌ಬುಕ್ ಸಾಕು. ಏನು ತಿಂದಿರಿ, ಎಷ್ಟು ಹೊತ್ತಿಗೆ, ಗ್ಯಾಸ್ ಜೋರಾದದ್ದು ಎಷ್ಟು ಹೊತ್ತಿಗೆ. ‘ತಿಂಡಿ ತಿಂದೆ’ ಅಂತ ಬರೆದರೆ ಪ್ರಯೋಜನ ಇಲ್ಲ. ‘ಬಟಾಣಿ ಬಾಜಿ ಒಂದು ಪ್ಲೇಟ್, ಪಾವ್ ಎರಡು, ಹಸಿ ಈರುಳ್ಳಿ, ಹಾಲು ಹಾಕಿದ ಚಾ’ ಅಂತ ಬರೀಬೇಕು. ಒಂದೆರಡು ವಾರ ಏನನ್ನೂ ಬಿಡದೆ, ಎಂದಿನಂತೆ ತಿಂದು ಬರೀರಿ. ಆಮೇಲೆ ಜೋರಾದ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ಅರ್ಧ ಗಂಟೆಯಿಂದ ಎರಡು ಗಂಟೆ ಹಿಂದೆ ಹಾಲು ಸಿಕ್ಕಿದರೆ ಅದರ ಮೇಲೆ ಗುಮಾನಿ. ನಾಲ್ಕರಿಂದ ಎಂಟು ಗಂಟೆ ಹಿಂದೆ ಕಾಳು, ಈರುಳ್ಳಿ, ಗೋಧಿ ಸಿಕ್ಕಿದರೆ ಅವುಗಳ ಮೇಲೆ. ಗುಮಾನಿ ಬಂದದ್ದನ್ನು ಮಾತ್ರ ಎರಡು ಮೂರು ವಾರ ಬಿಡಿ. ವ್ಯತ್ಯಾಸ ಕಂಡರೆ ಅಲ್ಲಿಗೆ ನಿಲ್ಲಿಸಬೇಡಿ, ಅದೊಂದನ್ನೇ ಮತ್ತೆ ತನ್ನಿ: ಮೊದಲ ದಿನ ಚೂರು, ಮರುದಿನ ಸ್ವಲ್ಪ ಹೆಚ್ಚು, ಮೂರನೇ ದಿನ ಎಂದಿನಷ್ಟು. ಎಷ್ಟಕ್ಕೆ ಹೊಟ್ಟೆ ತಕರಾರು ಮಾಡ್ತದೆ ಅಂತ ಗೊತ್ತಾಗೋದು ಆಗಲೇ. ಇದು ನನ್ನ ಸ್ವಂತ ಉಪಾಯ ಏನಲ್ಲ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ‘ಫಾಡ್‌ಮ್ಯಾಪ್’ ಹೆಸರಿನಲ್ಲಿ ಬೆಳೆಸಿದ ಪದ್ಧತಿಯ ಸರಳ ರೂಪ. ಎಲ್ಲವನ್ನೂ ಒಟ್ಟಿಗೆ ಬಿಟ್ಟು ತಿಂಗಳುಗಟ್ಟಲೆ ಗಂಜಿ ಕುಡಿಯೋದನ್ನು ಅವರೂ ಹೇಳೋದಿಲ್ಲ.

ನನ್ನ ಹೊಟ್ಟೆಯಲ್ಲಿ ಸಿಕ್ಕಿಬಿದ್ದದ್ದು ಎರಡು. ಒಂದು ಈರುಳ್ಳಿ, ಅದೂ ನಮ್ಮ ಕುಮಟಾದ ಸಿಹಿ ಈರುಳ್ಳಿ. ಬೇಸಿಗೆ ಬಂತೆಂದರೆ ಹೆದ್ದಾರಿ ಪಕ್ಕ ಗೊಂಚಲು ಕಟ್ಟಿ ತೂಗು ಹಾಕಿರ್ತಾರೆ, ಖಾರ ಇಲ್ಲದ್ದರಿಂದ ಊಟಕ್ಕೆ ಹಸಿಯಾಗಿಯೇ ಒಂದಿಡೀ ಗಡ್ಡೆ ಕಚ್ಚಿ ತಿನ್ನೋದು ನಮ್ಮ ಕಡೆ ಮಾಮೂಲು. ಸಿಹಿ ಅಂತ ಫ್ರಕ್ಟಾನ್ ಇಲ್ಲದೆ ಹೋಗೋದಿಲ್ಲ. ಈಗ ಅಡುಗೆಯಲ್ಲಿ ಸ್ವಲ್ಪ ಬಿದ್ದರೆ ಏನೂ ಆಗೋದಿಲ್ಲ, ಹಸಿ ಗಡ್ಡೆ ಮಾತ್ರ ದೂರ. ಮನೆಯಲ್ಲಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಮಾಡಿ ಎಸಳು ತೆಗೆದುಬಿಡ್ತೇವೆ. ಫ್ರಕ್ಟಾನ್ ನೀರಿಗೆ ಬಿಡ್ತದೆ, ಎಣ್ಣೆಗೆ ಬಿಡೋದಿಲ್ಲ, ಪರಿಮಳ ಉಳೀತದೆ. ಈರುಳ್ಳಿ ಸೊಪ್ಪಿನ ಹಸಿರು ಭಾಗವೂ ತೊಂದರೆ ಕೊಡೋದಿಲ್ಲ.

ಎರಡನೇದು ಕಷಾಯ. ಶಿರಸಿ ಕಡೆ ಯಾರ ಮನೆಗೆ ಹೋದರೂ ‘ಆಸ್ರಿಂಗೆ ಎಂತ’ (ಕುಡಿಯೋಕೆ ಏನು) ಅಂತ ಕೇಳಿ ಕೊತ್ತಂಬರಿ-ಜೀರಿಗೆ ಕಷಾಯ ಕೊಡ್ತಾರೆ, ವಾಯುವಿಗೆ ಒಳ್ಳೇದು ಅಂತ ಎರಡನೇ ಲೋಟವನ್ನೂ ಬಗ್ಗಿಸ್ತಾರೆ. ಜೀರಿಗೆಯದ್ದು ಏನೂ ತಪ್ಪಿಲ್ಲ, ಆದರೆ ಲೋಟದ ಮುಕ್ಕಾಲು ಹಾಲು. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಇರ್ತದೆ. ದೊಡ್ಡವರಾದ ಮೇಲೆ ಅದನ್ನು ಅರಗಿಸುವ ಶಕ್ತಿ ಕುಗ್ಗೋದು ದಕ್ಷಿಣ ಭಾರತದಲ್ಲಿ ಬಹಳ ಸಾಮಾನ್ಯ. ಅಂಥವರಲ್ಲೂ ಹೆಚ್ಚಿನವರು ಊಟದ ಜೊತೆ ಒಂದು ಲೋಟ ತಡ್ಕೊಳ್ತಾರೆ, ಎರಡು ಮೂರು ಆದಾಗ ಹೊಟ್ಟೆ ಊದ್ತದೆ. ನಾನೀಗ ಅದೇ ಕಷಾಯ ನೀರಿನಲ್ಲಿ ಕುದಿಸಿ ಬೆಲ್ಲ ಹಾಕಿ ಕುಡೀತೇನೆ. ಅಮ್ಮನಿಗೆ ಇನ್ನೂ ಸಮಾಧಾನ ಇಲ್ಲ. ನಿಮ್ಮ ಚಾದಲ್ಲಿರುವ ಎರಡು ಚಮಚ ಹಾಲು ಇದರ ಲೆಕ್ಕಕ್ಕೇ ಬರೋದಿಲ್ಲ, ಚಾ ಬಿಡಬೇಡಿ. ಹೆಪ್ಪು ಹಾಕಿದಾಗ ಲ್ಯಾಕ್ಟೋಸ್ ಕಡಿಮೆ ಆಗೋದರಿಂದ ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಹಾಲಿಗಿಂತ ಹಗುರ.

ಕಾಳು ಪೂರ್ತಿ ಬಿಡೋ ಅಗತ್ಯ ಇಲ್ಲ. ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಮೆತ್ತಗೆ ಬೇಯಿಸಿದರೆ ಆ ಸಕ್ಕರೆ ಒಂದಷ್ಟು ಹೊರಟು ಹೋಗ್ತದೆ. ಮೊಳಕೆ ಬರಿಸಿದರೆ ಇನ್ನಷ್ಟು, ಯಾಕೆಂದರೆ ಮೊಳಕೆಯೇ ಅದನ್ನು ತಿಂದು ಬೆಳೆಯೋದು. ಹಲಸಿನ ಬೀಜದ ಬಗ್ಗೆ ನಾನು ಹೇಳೋದೇ ಬೇಡ, ಮಳೆಗಾಲದಲ್ಲಿ ಇಡೀ ಜಿಲ್ಲೆಗೇ ಗೊತ್ತಿರುವ ಸಂಗತಿ.

ಊಟದ ಮೇಲೆ ಸೋಡಾ ಕುಡಿದರೆ ದೊಡ್ಡ ತೇಗು ಬರ್ತದೆ, ನಿಜ. ಅದು ನೀವು ಈಗಷ್ಟೇ ಕುಡಿದ ಗ್ಯಾಸು. ಔಷಧಿ ಅಂಗಡಿಯ ಬುರುಗು ಪುಡಿಯದ್ದೂ ಅದೇ ಕತೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀವು ನುಂಗುತ್ತಿರುವ ಪ್ಯಾಂಟೊಪ್ರಜೋಲ್ ಜಠರದ ಆಮ್ಲ ತಗ್ಗಿಸುವ ಮಾತ್ರೆ, ದೊಡ್ಡ ಕರುಳಿನ ಹುದುಗನ್ನು ನಿಲ್ಲಿಸೋದಿಲ್ಲ. ಎದೆಯುರಿ ಇಲ್ಲದಿದ್ದರೆ ಅದನ್ನು ಯಾಕೆ ಮುಂದುವರಿಸಬೇಕು ಅಂತ ಬರೆದುಕೊಟ್ಟವರನ್ನೇ ಕೇಳಿ. ಇಂಗು, ಓಮ, ಜೀರಿಗೆ ನಾನೂ ಬಳಸ್ತೇನೆ, ಹಿತ ಅನಿಸ್ತದೆ, ಆದರೆ ಬಟಾಣಿ ಮಾಡಿದ್ದನ್ನು ಓಮ ಅಳಿಸೋದಿಲ್ಲ. ರಾತ್ರಿ ಊಟದ ಮೇಲೆ ಟಾಗೋರ್ ಕಡಲತೀರದಲ್ಲಿ ನಿಧಾನಕ್ಕೆ ಒಂದು ಸುತ್ತು ನಡೆದರೆ ಗಾಳಿ ಕೆಳಗೆ ಸರೀತದೆ. ಬಯಲು ಬೇರೆ, ಯಾರಿಗೂ ತೊಂದರೆ ಇಲ್ಲ.

‘ನನಗೆ ಮಾತ್ರ ಯಾಕೆ ಇಷ್ಟು’ ಅಂತ ಬರೆದಿದ್ದೀರಿ. 1991ರಲ್ಲಿ ಇಂಗ್ಲೆಂಡಿನಲ್ಲಿ ಹತ್ತು ಮಂದಿ ಆರೋಗ್ಯವಂತರಿಗೆ ಎಂದಿನ ಊಟದ ಜೊತೆ 200 ಗ್ರಾಂ ಬೀನ್ಸ್ ಕಾಳು ಕೊಟ್ಟು ದಿನಪೂರ್ತಿ ಅಳೆದು ನೋಡಿದ್ದರು. ಒಬ್ಬೊಬ್ಬರು ಬಿಟ್ಟ ಗಾಳಿ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರ್. ದಿನಕ್ಕೆ ಹತ್ತಿಪ್ಪತ್ತು ಸಲ ಹೋಗೋದು ಸಹಜವೇ.

ಆದರೆ ಗ್ಯಾಸಿನ ಜೊತೆ ತೂಕ ಇಳಿಯೋದು, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತ ಕಡಿಮೆ ಆಗೋದು, ಬಿಡದ ವಾಂತಿ ಇದ್ದರೆ ನೋಟ್‌ಬುಕ್ ಮುಚ್ಚಿಟ್ಟು ಡಾಕ್ಟರ ಹತ್ತಿರ ಹೋಗಿ. ಐವತ್ತು ದಾಟಿದವರಿಗೆ ಹೊಸದಾಗಿ ಹೊಟ್ಟೆ ಉಬ್ಬರ ಶುರುವಾದರೂ ಅಷ್ಟೇ, ಹೆಂಗಸರು ಇದನ್ನು ಖಂಡಿತ ಕಡೆಗಣಿಸಬಾರದು. ಗೋಧಿಯ ಮೇಲೆ ಗುಮಾನಿ ಇದ್ದರೆ ಸೀಲಿಯಾಕ್ (ಗೋಧಿಯ ಪ್ರೋಟೀನಿನಿಂದ ಕರುಳಿಗೆ ಹಾನಿಯಾಗುವ ಕಾಯಿಲೆ) ರಕ್ತಪರೀಕ್ಷೆಯನ್ನು ಗೋಧಿ ಬಿಡುವ ಮೊದಲೇ ಮಾಡಿಸಿ, ಬಿಟ್ಟ ಮೇಲೆ ಮಾಡಿಸಿದರೆ ಸರಿಯಾಗಿ ತೋರಿಸೋದಿಲ್ಲ. ಎದೆ ಬಿಗಿದು ಬೆವರು ಬಂದರೆ ಮಾತ್ರ ‘ಗ್ಯಾಸ್ಟ್ರಿಕ್’ ಅಂತ ಕೂರಬೇಡಿ. ದೊಡ್ಡ ಚಿಕಿತ್ಸೆಗೆ ಮಣಿಪಾಲಕ್ಕೋ ಗೋವಾಕ್ಕೋ ಹುಬ್ಬಳ್ಳಿಗೋ ಓಡುವ ಜಿಲ್ಲೆ ನಮ್ಮದು, ಸೋಡಾ ಕುಡಿದು ಕಾಯುವಷ್ಟು ಹೊತ್ತು ನಮ್ಮ ಕೈಯಲ್ಲಿ ಇರೋದಿಲ್ಲ.

ಇನ್ನು ಮದುವೆ. ಹವ್ಯಕರ ಸಂಪ್ರದಾಯದ ಅಡುಗೆ ಆದರೆ ಈರುಳ್ಳಿ-ಬೆಳ್ಳುಳ್ಳಿ ಇರೋದಿಲ್ಲ, ಅರ್ಧ ಗೆದ್ದ ಹಾಗೆ. ಅನ್ನ, ತಂಬುಳಿ, ಸಾಸ್ಮೆ, ಇಂಗಿನ ಒಗ್ಗರಣೆಯ ಅಪ್ಪೆಹುಳಿ ಧೈರ್ಯವಾಗಿ ಹಾಕಿಸ್ಕೊಳ್ಳಿ. ಕಡಲೆಬೇಳೆ ಹೋಳಿಗೆ ಮತ್ತು ಹಾಲಿನ ಪಾಯಸದ ಹತ್ತಿರ ಲೆಕ್ಕ ಇರಲಿ. ಬಡಿಸುವವರು ಎಲೆ ಖಾಲಿ ಕಂಡರೆ ಬಿಡೋದಿಲ್ಲ, ಹಾಗಾಗಿ ಮೊದಲನೇ ಹೋಳಿಗೆಯ ಅರ್ಧವನ್ನು ಕೊನೇವರೆಗೂ ಎಲೆಯಲ್ಲೇ ಇಟ್ಕೊಳ್ಳಿ. ಹೊರಡುವ ದಿನ ಬೆಳಿಗ್ಗೆ ಬಾಜಿ-ಪಾವ್ ಬೇಡ, ಇಡ್ಲಿಯೋ ಅವಲಕ್ಕಿಯೋ ಸಾಕು. ಊಟ ಒಂದು ಗಂಟೆಗೆ ಮುಗಿದರೆ ಹರಟೆಗೆ ನಿಲ್ಲದೆ ಎರಡರ ಒಳಗೆ ಬಸ್ಸು ಹಿಡೀರಿ, ಹೋಳಿಗೆ ಕೆಲಸ ಶುರು ಮಾಡುವ ಹೊತ್ತಿಗೆ ಕಾರವಾರ ಮುಟ್ಟಿರ್ತೀರಿ. ಐದರ ಬಸ್ಸು ಹತ್ತಿದರೆ ಅದು ಶುರುವಾಗೋದು ದೇವಿಮನೆ ಘಟ್ಟದ ತಿರುವಿನಲ್ಲಿ, ಪಕ್ಕದ ಸೀಟಿನಲ್ಲಿ ಯಾರಾದರೂ ಕೂತಿರುವಾಗ.