ಐದು ಗಂಟೆಯ ಗುಡುಗುಡು

ನಮಸ್ಕಾರ.

ನಾಯಿಯ ಊಟ ಮತ್ತು ಅದರ ಸಣ್ಣ ಕರುಳಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡ್ಕೋಬೇಡಿ, ಒಳಗೊಂದು ಒಳ್ಳೆಯ ಲೇಖನ ಅಡಗಿದೆ.

ಮೊದಲ ಪುಟವೆಲ್ಲ ನಾಯಿಯ ನಿಯತ್ತು. ಧರ್ಮರಾಯನ ಹಿಂದೆ ಹೋದ ಆ ನಾಯಿ ನಮಗೆ ಬರುವ ಲೇಖನಗಳಲ್ಲೆಲ್ಲ ನಡೆದೂ ನಡೆದೂ ಸುಸ್ತಾಗಿದೆ, ಬಿಟ್ಟುಬಿಡಿ. ಕೊನೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೀರಲ್ಲ, ಬೆಳಗಿನ ಜಾವ ಐದಕ್ಕೆ, ಇನ್ನೂ ಏನೂ ತಿನ್ನದ ನಿಮ್ಮ ನಾಯಿಯ ಹೊಟ್ಟೆ ಗುಡುಗುಡು ಅನ್ನುತ್ತದೆ ಅಂತ? ಅಲ್ಲಿಂದ ಶುರು ಮಾಡಿ.

ಯಾಕೆಂದರೆ ನಿಮ್ಮ ಮುಖ್ಯ ಮಾತೇ ತಪ್ಪಿದೆ. ಹಸಿದಾಗ ಕರುಳಿಗೆ ವಿಶ್ರಾಂತಿ, ಊಟ ಬಿದ್ದೊಡನೆ ಅದು ಜೋರಾಗಿ ಮುಂದೆ ತಳ್ಳುತ್ತದೆ ಎಂದಿದ್ದೀರಿ. ಹಸಿದ ನಾಯಿಯ ಕರುಳು ಸುಮ್ಮನೆ ಕೂರುವುದಿಲ್ಲ. ಸುಮಾರು ಒಂದೂವರೆ, ಎರಡು ಗಂಟೆಗೊಮ್ಮೆ ಬಲವಾದ ಹಿಂಡುವಿಕೆಯ ಅಲೆಯೊಂದು ಹೊಟ್ಟೆಯ ಕಡೆಯಿಂದ ಹೊರಟು ಕರುಳಿನುದ್ದಕ್ಕೂ ನಿಧಾನವಾಗಿ ಸಾಗುತ್ತದೆ. ಉಳಿದ ಚೂರು, ರಸ, ಬ್ಯಾಕ್ಟೀರಿಯಾ ಎಲ್ಲವನ್ನೂ ಗುಡಿಸುತ್ತದೆ. ನಿಮ್ಮ ನಾಯಿಯ ಗುಡುಗುಡು ಇದೇ ಇರಬೇಕು. ಊಟ ಮುಗಿದ ಮೇಲೆ ಅಡುಗೆಮನೆ ಕಟ್ಟೆ ಒರೆಸುವ ಕೆಲಸ, ಅಷ್ಟೇ. ರಷ್ಯಾದ ವಿಜ್ಞಾನಿ ಪಾವ್ಲೋವ್ ಅವರ ಪ್ರಯೋಗಾಲಯದ ಬೋಲ್ದಿರೆವ್ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಉಪವಾಸದ ನಾಯಿಗಳಲ್ಲಿ ಈ ಸರದಿಯನ್ನು ಕಂಡಿದ್ದರು. ಅದು ಕರುಳಿನಲ್ಲಿ ಕೆಳಗೆ ಸಾಗುವುದನ್ನು 1969ರಲ್ಲಿ ಸುರ್‌ಶೆವ್‌ಸ್ಕಿ ಎಂಬ ವಿಜ್ಞಾನಿ ತೋರಿಸಿದ್ದೂ ನಾಯಿಯಲ್ಲೇ. ಮನುಷ್ಯರಲ್ಲಿ ಗೊತ್ತಾಗಿದ್ದು ಆಮೇಲೆ.

ಊಟ ಬಿತ್ತೋ, ಈ ಗುಡಿಸಾಟ ನಿಲ್ಲುತ್ತದೆ. ಕರುಳು ಈಗ ಅಲ್ಲಲ್ಲೇ ಹಿಂಡಿ ಕಲಸುತ್ತದೆ. ಮುಂದೆ ಸಾಗುವುದು ನಿಧಾನವಾಗುತ್ತದೆ, ಸಾರ ಹೀರಲು ಸಮಯ ಬೇಕಲ್ವಾ? 1980ರ ದಶಕದಲ್ಲಿ ಜರ್ಮನಿಯ ಶೀಮನ್ ಮತ್ತು ಎರ್ಲೈನ್ ಅವರ ಪ್ರಯೋಗವನ್ನು ಇಲ್ಲಿ ತನ್ನಿ. ನಾಯಿಗಳಿಗೆ ಪೋಷಕಾಂಶವೇ ಇಲ್ಲದ ಸೆಲ್ಯುಲೋಸಿನ, ಅಂದರೆ ಸಸ್ಯದ ನಾರಿನ, ಗಂಜಿಯಂಥದ್ದು ಕೊಟ್ಟಾಗ ಕರುಳು ಹಿಂಡುವ ಅಲೆಗಳು ದೂರ ಓಡಿದವು, ಗಂಜಿ ಬೇಗ ದಾಟಿತು. ಪೋಷಕಾಂಶವಿರುವ ಊಟಕ್ಕೆ ಅಲೆಗಳು ಗಿಡ್ಡವಾದವು, ಊಟ ತಡವಾಗಿ ಸಾಗಿತು. ಹೊಟ್ಟೆ ತುಂಬಿದ್ದಷ್ಟೇ ಅಲ್ಲ, ತುಂಬಿದ್ದು ಏನು ಅನ್ನೋದೂ ಕರುಳಿಗೆ ಗೊತ್ತಾಗುತ್ತದೆ. ನನಗಂತೂ ನಿಮ್ಮ ವಿಷಯದ ಜೀವ ಇರುವುದು ಇಲ್ಲೇ ಅನ್ನಿಸುತ್ತದೆ. ನೀವೋ ಇದನ್ನು ಮುಟ್ಟದೆ ವಿಟಮಿನ್ ಪಟ್ಟಿ ಹಾಕಿದ್ದೀರಿ.

‘ಪೋಷಕಾಂಶ’ ಎಂದು ಎಲ್ಲವನ್ನೂ ಒಂದೇ ಮೂಟೆಗೆ ತುಂಬಬೇಡಿ. ಗುಡಿಸಾಟವನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ತಡೆಯುವುದು ಕೊಬ್ಬು. ಜೀರ್ಣವಾಗದ ಕೊಬ್ಬು ಸಣ್ಣ ಕರುಳಿನ ಕೊನೆಯ ಭಾಗವಾದ ಐಲಿಯಂ ತಲುಪಿದರೆ ಅಲ್ಲಿಂದ ಮೇಲಕ್ಕೆ ‘ತಡಿ, ನಿಧಾನ’ ಎಂದು ಸುದ್ದಿ ಹೋಗುತ್ತದೆ. ಇದಕ್ಕೆ ಐಲಿಯಲ್ ಬ್ರೇಕ್ ಎಂದೇ ಹೆಸರು. ಬ್ರೇಕ್ ಅಂತಲೇ ಬರೆಯಿರಿ, ‘ಗತಿರೋಧಕ’ ಮಾಡಿ ಓದುಗರನ್ನು ಓಡಿಸಬೇಡಿ.

ಇನ್ನೊಂದು, ‘ಹಸುವಾಗಲಿ ನಾಯಿಯಾಗಲಿ ಒಂದೇ’ ಎಂಬ ಸಾಲು ತೆಗೆಯಿರಿ. ಹಸು, ಕುರಿ ಮೇಯುತ್ತಿದ್ದರೂ ಅವುಗಳ ಕರುಳಿನಲ್ಲಿ ಈ ಗುಡಿಸುವ ಅಲೆ ನಡೆದೇ ಇರುತ್ತದೆ. ಮೇವು ಮೊದಲು ಹೋಗುವುದು ದೊಡ್ಡ ಹೊಟ್ಟೆಗೆ, ಅಲ್ಲಿಂದ ಕರುಳಿಗೆ ದಿನವಿಡೀ ಸ್ವಲ್ಪಸ್ವಲ್ಪವೇ ಇಳಿಯುತ್ತದೆ.

ಆರು ಪುಟವನ್ನು ಎರಡಕ್ಕೆ ಇಳಿಸಿ ಕಳಿಸಿ. ನಿಮ್ಮ ನಾಯಿಗೆ ರಾತ್ರಿ ಏನು ಹಾಕುತ್ತೀರಿ, ಎಷ್ಟು ಗಂಟೆಗೆ, ಅದನ್ನೂ ಸೇರಿಸಿ. ಐದು ಗಂಟೆಯ ಲೆಕ್ಕ ಸಿಗಲಿ.

ನಿಮ್ಮ,
ಸಂಪಾದಕ