ಅಲೈನ್‌ಮೆಂಟ್ ಆದ ಮೇಲೆ ಇಎಸ್‌ಸಿ ದೀಪ ಆರದಿದ್ದರೆ

ಪ್ರಶ್ನೆ: ವೀಲ್ ಅಲೈನ್‌ಮೆಂಟ್ ಮಾಡಿಸಿದಾಗಿನಿಂದ ಕಾರಿನ ಇಎಸ್‌ಸಿ (ಕಾರು ಜಾರದಂತೆ ಬೇಕಾದ ಚಕ್ರಕ್ಕೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ) ದೀಪ ಆರುತ್ತಿಲ್ಲ. ಸ್ಟೀರಿಂಗ್ ಸೆನ್ಸರ್ ಬದಲಿಸಬೇಕೇ?

ಉತ್ತರ: ಅವಸರ ಬೇಡ, ಮೊದಲು ಸ್ಕ್ಯಾನರ್ (ಕಾರಿನ ಸೆನ್ಸರ್ ಅಳತೆ, ದೋಷದ ಕೋಡ್ ಓದುವ ಸಾಧನ) ಹಾಕಿಸಿ. ಚಕ್ರ ನೇರವಿದ್ದಾಗಲೂ ಸ್ಟೀರಿಂಗ್ ಕೋನ ಹಲವು ಡಿಗ್ರಿ ತೋರಿಸುತ್ತಿದ್ದರೆ ಸೆನ್ಸರ್ ಬಹುಮಟ್ಟಿಗೆ ಸರಿಯಾಗಿಯೇ ಇದೆ. ಸೊನ್ನೆಗೆ ಕ್ಯಾಲಿಬ್ರೇಟ್ ಮಾಡಿಸಿದರೆ ಸಾಕು. ಈ ಕೋನಕ್ಕೂ ಯಾ ರೇಟ್ ಸೆನ್ಸರ್ (ಕಾರು ನಿಜಕ್ಕೂ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಅಳೆಯುವ ಸೆನ್ಸರ್) ಹೇಳುವ ತಿರುವಿಗೂ ತಾಳೆಯಾಗದಿದ್ದರೆ ಕಂಟ್ರೋಲ್ ಯೂನಿಟ್ ಇಎಸ್‌ಸಿಯನ್ನು ತಾನೇ ನಿಲ್ಲಿಸುತ್ತದೆ. ಅದು ಒಳ್ಳೆಯದೇ, ತಪ್ಪು ಚಕ್ರಕ್ಕೆ ಬ್ರೇಕ್ ಬೀಳುವುದು ಅಪಾಯ.

ಸ್ಕ್ಯಾನರ್ ತೋರಿಸುವ ಕೋಡ್ ‘ಯು’ ಅಕ್ಷರದಿಂದ ಶುರುವಾದರೆ ಕ್ಯಾನ್ ವೈರಿಂಗ್ (ಕಾರಿನ ಕಂಟ್ರೋಲ್ ಯೂನಿಟ್‌ಗಳು ಪರಸ್ಪರ ಮಾಹಿತಿ ಕಳಿಸುವ ಎರಡು ತಂತಿಗಳ ಜಾಲ) ನೋಡಿ. ಬ್ಯಾಟರಿ ಕಳಚಿ, ಒಬಿಡಿ ಸಾಕೆಟ್ಟಿನ (ಸ್ಕ್ಯಾನರ್ ಚುಚ್ಚುವ ಸಾಕೆಟ್) 6 ಮತ್ತು 14ನೇ ಪಿನ್ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ತುದಿಯ ಎರಡು ರೆಸಿಸ್ಟರ್‌ಗಳಲ್ಲಿ ಒಂದರ ಸಂಪರ್ಕ ತಪ್ಪಿದೆ. ಸೊನ್ನೆಯ ಹತ್ತಿರವಿದ್ದರೆ ತಂತಿಗಳು ಶಾರ್ಟ್ ಆಗಿವೆ. ಗೇಟ್‌ವೇ (ಸಾಕೆಟ್ಟಿಗೂ ಒಳಗಿನ ಕ್ಯಾನ್ ತಂತಿಗಳಿಗೂ ನಡುವೆ ಇರುವ ಯೂನಿಟ್) ಇರುವ ಕಾರುಗಳಿಗೆ ಈ ಲೆಕ್ಕ ಹೊಂದದಿರಬಹುದು.